ಕತ್ತಲೆ ಕೋಣೆಯ ಬೆಳಗು

ರಾತ್ರಿಯ ಊಟ ಮುಗಿದು, ಮನೆಯವರೆಲ್ಲರೂ ಮಲಗಿ, ಬೀದಿಯ ಸದ್ದಡಗಿದ ತರುವಾಯ ನಮ್ಮ ಮನೆಯ ಬಚ್ಚಲು ಕತ್ತಲೆ ಕೋಣೆಯಾಗಿ ಮಾರ್ಪಡುತ್ತಿತ್ತು. ಗವಾಕ್ಷಿಗೆ ಕರಿಯ ಕಂಬಳಿಯನ್ನು ಬಿಗಿದು, ಬಾಗಿಲ ಸಂದಿಗೆ ಹಳೆಯ ಪಂಚೆಯನ್ನು ತುರುಕಿ, ಹಂಡೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಡೆವಲಪರು, ನೀರು, ಹೈಪೋ ತುಂಬಿದ ಮೂರು ಪಿಂಗಾಣಿ ತಟ್ಟೆಗಳನ್ನು ಸಾಲಾಗಿ ಇರಿಸಿ, ಕೆಂಪು ಬಲ್ಬನ್ನು ಹೊತ್ತಿಸಿದೊಡನೆ, ಹಗಲೆಲ್ಲ ಸೌದೆಯ ಮಸಿಯಿಂದ ಮಾಸಿ ತೋರುತ್ತಿದ್ದ ಆ ಗೋಡೆಗಳು ಗರ್ಭಗುಡಿಯ ಗೋಡೆಗಳಂತೆ ಗಂಭೀರವಾಗುತ್ತಿದ್ದುವು. ಅಲ್ಲಿ ನಾನು ಮಾಡಿದ ಮೊದಲನೆಯ ಪ್ರಿಂಟು ನಮ್ಮ ಅಜ್ಜಿಯದು. ಹಿತ್ತಲ ಬಾಗಿಲಲ್ಲಿ ನಿಂತು ಆಕೆ ಅಕ್ಕಿ ಕೇರುತ್ತಿದ್ದಾಗ ತೆಗೆದದ್ದು. ನೆಗೆಟಿವನ್ನು ಕಾಗದದ ಮೇಲಿಟ್ಟು, ಗಾಜಿನಿಂದ ಒತ್ತಿ, ಬಿಳಿಯ ದೀಪವನ್ನು ನಾಲ್ಕೆಣಿಸುವಷ್ಟು ಹೊತ್ತು ಉರಿಸಿ, ಕಾಗದವನ್ನು ಡೆವಲಪರಿನ ತಟ್ಟೆಗೆ ಜಾರಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಮೂಡಿದ್ದು ಅಜ್ಜಿಯಲ್ಲ, ಆಕೆಯ ಬೆನ್ನ ಹಿಂದಿನ ಬಾಗಿಲೊಳಗಣ ಕತ್ತಲೆ. ಅನಂತರ ಸೀರೆಯ ಅಂಚು, ಮೊರದ ಕೆಳಗಣ ನೆರಳು; ಕಟ್ಟಕಡೆಗೆ ಹಣೆಯ ಸುಕ್ಕುಗಳು, ಮತ್ತು ಮೊರದಿಂದ ಮೇಲಕ್ಕೆ ಹಾರಿ ಮಂಜಿನಂತೆ ಮಸುಕಾಗಿ ನಿಂತಿದ್ದ ಅಕ್ಕಿಯ ಕಾಳುಗಳು. ತಟ್ಟೆಯನ್ನು ಅಲುಗಿಸುತ್ತಿದ್ದ ನನ್ನ ಕೈ ತಾನಾಗಿ ನಿಂತುಹೋಯಿತು.

ಛಾಯಾಗ್ರಹಣವನ್ನು ಹವ್ಯಾಸವಾಗಿ ಹಿಡಿದವರು ಅದನ್ನು ಬಿಡಲಾರದೆ ಹೋಗುವುದೇಕೆ ಎಂದು ಕೇಳಿದವರಿಗೆ ನಾನು ಈ ಕ್ಷಣವನ್ನೇ ವರ್ಣಿಸುತ್ತ ಬಂದಿದ್ದೇನೆ. ಚಿತ್ರವು ಕೈಗೆ ಬಂದುದರ ಸಂತೋಷ ಒಂದು ಬಗೆಯದು; ಆದರೆ ಕಣ್ಣು ಕಂಡದ್ದಕ್ಕೂ ಕಾಗದವು ತೋರುವುದಕ್ಕೂ ನಡುವೆ, ಇದ್ದೂ ಇಲ್ಲದಂತೆ ಇರುವ ಆ ಅವ್ಯಕ್ತ ಬಿಂಬವನ್ನು ಕಾಯುವ ಸಂತೋಷ ಬೇರೊಂದು ಬಗೆಯದು, ಮತ್ತು ಈ ಕಲೆಯ ಜೀವವಿರುವುದು ಅಲ್ಲಿಯೇ ಎಂದು ನನ್ನ ದೃಢವಾದ ನಂಬಿಕೆ.

ಅವ್ಯಕ್ತ ಬಿಂಬವೆಂಬುದು ಕವಿಸಮಯವಲ್ಲ, ರಸಾಯನಶಾಸ್ತ್ರದ ಮಾತು. ಫಿಲ್ಮಿನ ಮೇಲಣ ಜೆಲಟಿನ್ ಪೊರೆಯಲ್ಲಿ ಬೆಳ್ಳಿಯ ಲವಣದ ಹರಳುಗಳು ಹುದುಗಿರುತ್ತವೆ. ಷಟರು ತೆರೆದ ಕ್ಷಣಾರ್ಧದಲ್ಲಿ ಬೆಳಕು ತಾಗಿದ ಹರಳಿನೊಳಗೆ ಬೆರಳೆಣಿಕೆಯಷ್ಟು ಬೆಳ್ಳಿಯ ಪರಮಾಣುಗಳು ಒಟ್ಟುಗೂಡುತ್ತವೆ. ಯಾವ ಕಣ್ಣಿಗೂ ಅವು ಕಾಣವು. ಮೆಟಾಲ್, ಹೈಡ್ರೋಕ್ವಿನೋನ್ ಮೊದಲಾದುವು ಸೇರಿದ ಡೆವಲಪರು ಆ ಕಿರಿಯ ಗುರುತನ್ನೇ ಬೀಜವಾಗಿ ಹಿಡಿದು ಇಡಿಯ ಹರಳನ್ನು ಕಪ್ಪು ಬೆಳ್ಳಿಯಾಗಿ ಬೆಳೆಸುತ್ತದೆ. ಬೆಳಕು ಕಾಣದ ಹರಳುಗಳನ್ನು ಹೈಪೋ ಕರಗಿಸಿ ತೊಳೆದುಬಿಡುತ್ತದೆ. ಈ ಅನುಕ್ರಮ ತಪ್ಪಬಾರದು. ನನ್ನ ಮೊದಲ ರೋಲನ್ನು ನಾನು ಕಗ್ಗತ್ತಲಲ್ಲಿ ತಡವರಿಸಿ ಹೈಪೋವಿಗೇ ಮೊದಲು ಅದ್ದಿದ್ದೆ. ದೀಪ ಹಾಕಿ ನೋಡಿದರೆ ಹನ್ನೆರಡು ಚಿತ್ರಗಳ ಜಾಗದಲ್ಲಿ ಗಾಜಿನಂತೆ ತಿಳಿಯಾದ ಒಂದು ಪಟ್ಟಿ. ನಮ್ಮ ಊರ ಜಾತ್ರೆಯ ತೇರು, ಆ ವರ್ಷವೇ ತೀರಿಕೊಂಡ ನಮ್ಮ ಸೋದರಮಾವ, ಎಲ್ಲವೂ ಅದರಲ್ಲಿದ್ದುವು. ಬೆಳಕು ಅವರನ್ನು ಬರೆದಿತ್ತು, ನಾನು ಓದುವ ಮೊದಲೇ ಅಳಿಸಿಬಿಟ್ಟಿದ್ದೆ. ಆ ನೋವು ಇಂದಿಗೂ ಮಾಸಿಲ್ಲ. ಬಿಂಬವೊಂದು ಎಷ್ಟು ಅಮೂಲ್ಯವಾದುದೆಂಬುದನ್ನು ನನಗೆ ಕಲಿಸಿದ್ದೂ ಅದೇ ನೋವು.

ಈ ವಿದ್ಯೆಯ ಮೂಲಪುರುಷರಲ್ಲಿ ಅನೇಕರು ಹವ್ಯಾಸಿಗಳೇ ಆಗಿದ್ದರೆಂಬುದು ನೆನೆದಷ್ಟೂ ಹರ್ಷವನ್ನೀಯುವ ಸಂಗತಿ. 1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ಬೆಳ್ಳಿ ಲೇಪಿಸಿದ ತಗಡಿನ ಚಿತ್ರಗಳನ್ನು ಲೋಕಕ್ಕೆ ತೋರಿಸಿದ ಕಾಲದಲ್ಲಿಯೇ, ಇಂಗ್ಲೆಂಡಿನಲ್ಲಿ ಟಾಲ್ಬಟ್ ಎಂಬ ಸಿರಿವಂತ ವಿದ್ವಾಂಸನು ಕಾಗದದ ಮೇಲೆ ಬಿಂಬವನ್ನು ಹಿಡಿಯಲು ಹೆಣಗುತ್ತಿದ್ದನು. ಹೈಪೋವಿನ ಗುಣವನ್ನು ಕಂಡುಕೊಟ್ಟವನು ಖಗೋಳಜ್ಞನಾದ ಜಾನ್ ಹರ್ಷಲ್.

ಆದರೆ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದವನು ಅಲೆಗ್ಸಾಂಡರ್ ಗ್ರೀನ್‌ಲಾ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಈತನು 1856ರಲ್ಲಿ, ಛಾಯಾಗ್ರಹಣಕ್ಕೆ ಇನ್ನೂ 17 ವರ್ಷ ವಯಸ್ಸಾಗಿದ್ದಾಗ, ಸುಮಾರು ಒಂದೂವರೆ ಅಡಿಯ ಕಾಗದಗಳನ್ನು ನುಂಗುವ ಭಾರಿ ಕ್ಯಾಮೆರಾವನ್ನು ಹಂಪೆಯ ಬಂಡೆಗಳ ನಡುವೆ ಸಾಗಿಸಿಕೊಂಡು ಹೋದನು. ನೆಗೆಟಿವು ಕಾಗದದ್ದು, ಬೆಳಕು ಅದರೊಳಗೆ ಹಾಯ್ದುಹೋಗಲೆಂದು ಅದಕ್ಕೆ ಮೇಣವನ್ನು ಊಡಿಸಬೇಕಾಗಿತ್ತು. ಒಂದೊಂದು ನೋಟಕ್ಕೂ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಬಳ್ಳಾರಿ ಸೀಮೆಯ ಬಿಸಿಲು, ಧೂಳು, ಕಾದ ಕಲ್ಲು, ಕ್ಯಾಮೆರಾದ ಕರಿಬಟ್ಟೆಯೊಳಗಿನ ಸೆಕೆ ಇವೆಲ್ಲವನ್ನೂ ನೆನೆದರೆ, ಆತನನ್ನು ಅಲ್ಲಿ ನಿಲ್ಲಿಸಿದ್ದು ಉದ್ಯೋಗದ ಕಟ್ಟುಪಾಡು ಮಾತ್ರವೇ ಆಗಿದ್ದಿರಲಾರದೆಂದು ನನ್ನ ಮನಸ್ಸು ಹೇಳುತ್ತದೆ. ಸುಮಾರು 60 ನೆಗೆಟಿವುಗಳಾದುವು. ಬಹುಕಾಲ ಅವು ಲೋಕದ ಕಣ್ಣಿಗೆ ಮರೆಯಾಗಿದ್ದುವು. 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದುವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ನೆಲೆಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮರಳಿ ಸೆರೆಹಿಡಿದರು.

ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಂದು ಭಾಗ್ಯ. ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ಅರಿಯದ ಕನ್ನಡಿಗನಿಲ್ಲ. ನಮ್ಮ ಜೇಬಿನ 50 ರೂಪಾಯಿಯ ಹೊಸ ನೋಟಿನ ಮೇಲೆಯೂ ಅದುಂಟು. ಆ ತೇರಿಗೆ ಮೇಲ್ಭಾಗದಲ್ಲಿ ಇಟ್ಟಿಗೆ ಗಾರೆಗಳ ಶಿಖರವೊಂದು ಇದ್ದಿತೆಂಬುದನ್ನು ಎಷ್ಟು ಮಂದಿ ಬಲ್ಲರು? ಗ್ರೀನ್‌ಲಾನ ಚಿತ್ರದಲ್ಲಿ ಅದು ಇದೆ. ಇಂದಿನ ತೇರಿನ ಮೇಲೆ ಅದಿಲ್ಲ. ಕಲ್ಲಿನ ಮೇಲಿಂದ ಅಳಿದುಹೋದುದು ಮೇಣ ಸವರಿದ ಕಾಗದದಲ್ಲಿ ಉಳಿಯಿತು.

ಅನಂತರದ ಪರಂಪರೆ ನಮ್ಮ ನಾಡಿನಲ್ಲಿ ದೊಡ್ಡದು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡಿನ ಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿ ಖ್ಯಾತರಾದರು. ಮೈಸೂರಿನ ಟಿ. ಎಸ್. ಸತ್ಯನ್ ಅವರಿಗೆ ಇದೇ ವೃತ್ತಿಯಾಯಿತು. ಆದರೂ ಮಕ್ಕಳನ್ನೂ ಸಾಮಾನ್ಯ ಜನರನ್ನೂ ಅವರು ನೋಡಿದ ಬಗೆಯಲ್ಲಿ ಹವ್ಯಾಸಿಯ ಪ್ರೀತಿ ಕಡೆಯವರೆಗೂ ಆರಲಿಲ್ಲ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರನ್ನು ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ.

ಸಾಮಾನ್ಯರಾದ ನಮಗೆ ಸಿಕ್ಕಿದ್ದು ಕ್ಲಿಕ್ ತ್ರೀ ಎಂಬ ಕ್ಯಾಮೆರಾ. ಬಿಸಿಲು, ಮೋಡ ಎಂಬ ಗುರುತುಗಳು, ಬೆನ್ನ ಮೇಲೊಂದು ಕೆಂಪು ಕಿಂಡಿ, ರೋಲಿಗೆ ಹನ್ನೆರಡೇ ಚಿತ್ರ. 1960ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ರೋಲಿನ ಹೆಸರು ‘ಇಂದು’. ಚಂದ್ರನ ಹೆಸರನ್ನು ಹೊತ್ತ ಆ ಸುರುಳಿಯನ್ನು ಕೊಳ್ಳಲು ತಿಂಗಳುಗಟ್ಟಲೆ ಕಾಸು ಕೂಡಿಡಬೇಕಾಗಿದ್ದುದರಿಂದ, ಒಂದು ಬಾರಿ ಗುಂಡಿಯೊತ್ತುವ ಮೊದಲು ಹತ್ತು ಬಾರಿ ನೋಡುವುದು ನಮಗೆ ಅಭ್ಯಾಸವಾಯಿತು. ಹಿತ್ತಲ ಬಾಗಿಲಿಗೆ ಬೆಳಗಿನ ಬಿಸಿಲು ಎಷ್ಟು ಹೊತ್ತಿಗೆ ಬರುವುದು, ಯಾವ ತಿಂಗಳಲ್ಲಿ ಅದು ಹೊಸ್ತಿಲನ್ನು ದಾಟಿ ಒಳಗಡಿಯಿಡುವುದು ಎಂಬುದನ್ನು ನಾನು ಅರಿತದ್ದು ಹೀಗೆ. ಆ ಮನೆಯಲ್ಲಿಯೇ ಹುಟ್ಟಿ ಬೆಳೆದಿದ್ದರೂ ಅದಕ್ಕೆ ಮುಂಚೆ ನಾನು ಅದನ್ನು ಕಂಡಿರಲಿಲ್ಲ.

ಉದಕಮಂಡಲದ ಕಾರ್ಖಾನೆ ಈಗ ಮುಚ್ಚಿದೆ. ಕಪ್ಪು-ಬಿಳುಪಿನ ರೋಲುಗಳು ಬೇರೆಡೆಗಳಲ್ಲಿ ಇಂದಿಗೂ ತಯಾರಾಗುತ್ತಿವೆ. ಅಷ್ಟು ವೆಚ್ಚಕ್ಕೆ ಮನಸ್ಸಾಗದವರು ಹರ್ಷಲನೇ 1842ರಲ್ಲಿ ಕಂಡುಹಿಡಿದ ನೀಲಿಮುದ್ರೆಯಿಂದ ಆರಂಭಿಸಬಹುದು. ಕಬ್ಬಿಣದ ಎರಡು ಲವಣಗಳನ್ನು ಬೆರೆಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೊಂದು ಅರಳಿ ಎಲೆಯಿಟ್ಟು ಬಿಸಿಲಿಗೆ ಹಿಡಿದು, ಬರಿಯ ನೀರಿನಲ್ಲಿ ತೊಳೆದರೆ, ಕಡುನೀಲಿಯ ನಡುವೆ ಬೆಳ್ಳಗೆ ಎಲೆಯ ಆಕಾರ ನಿಲ್ಲುತ್ತದೆ. ಕ್ಯಾಮೆರಾ ಬೇಡ, ಕತ್ತಲೆ ಕೋಣೆಯೂ ಬೇಡ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾಡತಕ್ಕ ಕೆಲಸವಿದು.

ಆ ರಾತ್ರಿಯ ಪ್ರಿಂಟು ಬೆಳಗಾಗುವಷ್ಟರಲ್ಲಿ ತಂತಿಯ ಮೇಲೆ ಒಣಗಿ ಅಂಚು ಸುರುಳಿಗೊಂಡಿತ್ತು. ಅಂಗೈಯಗಲವೂ ಇಲ್ಲದ ಅದನ್ನು ಅಜ್ಜಿ ಹಿತ್ತಲ ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕವನ್ನು ಮೇಲೆ ಕೆಳಗೆ ಸರಿಸಿ, ಬಹಳ ಹೊತ್ತು ನೋಡಿದರು. ತಮ್ಮ ಮುಖದ ವಿಚಾರವಾಗಿ ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ಉಗುರಿನಿಂದ ಒಂದು ಮೂಲೆಯನ್ನು ಮುಟ್ಟಿ, “ಮೊರದ ಅಂಚು ಬಿಟ್ಟುಕೊಂಡಿದೆಯಲ್ಲೋ ಮಗೂ, ದಿನಾ ಹಿಡಿಯೋ ಕೈಗೆ ಗೊತ್ತೇ ಆಗಿರಲಿಲ್ಲ. ಮೇದರವನು ಬಂದರೆ ನಿಲ್ಲಿಸು, ಕಟ್ಟಿಸಬೇಕು” ಎಂದರು.