ಭಾನುವಾರ ಯಾವ ಜೋಡಿ ಗೆಲ್ಲುತ್ತೆ? ಗಾಡಿ ಓಟದ ಲೆಕ್ಕ, ನೆನಪು ಮತ್ತು ಬೆಟ್ಟಿಂಗ್

ಬಸ್ಸಿನ ಗದ್ದಲದಲ್ಲಿ ಕೇಳೋಕೆ ಆಗದವರಿಗಾಗಿ ಈ ಎಪಿಸೋಡಿನ ಬರಹ ರೂಪ ಇಲ್ಲಿದೆ.

ಒಂದು ವಾರದಿಂದ ನನ್ನ ಫೋನಿಗೆ ಒಂದೇ ಥರದ ವಾಯ್ಸ್ ಮೆಸೇಜ್‌ಗಳು ಬರ್ತಿವೆ. ಕಡೂರಿನಿಂದ, ತರೀಕೆರೆಯಿಂದ, ಅಜ್ಜಂಪುರದಿಂದ. "ಅಣ್ಣಾ, ಭಾನುವಾರ ಜೋಡೆತ್ತಿನ ಗಾಡಿ ಓಟ ಇದೆಯಲ್ಲ, ಯಾವ ಜೋಡಿ ಮೇಲೆ ಹಾಕ್ಲಿ?" ಹಾಕೋದು ಅಂದ್ರೆ ದುಡ್ಡು. ಹಳೇ ಓಟಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೀನಿ ಅನ್ನೋದು ಹಲವರಿಗೆ ಗೊತ್ತು. ಅದಕ್ಕೇ ನನ್ನನ್ನ ಕೇಳ್ತಾರೆ.

ಉತ್ತರ ಹೇಳ್ತೀನಿ. ಆದರೆ ಮೊದಲು ಆ ನೋಟ್‌ಬುಕ್ ಒಂದು ಸಲ ನಮ್ಮ ಮಾವನಿಗೆ ಏನು ಮಾಡ್ತು ಅಂತ ಹೇಳಬೇಕು.

ನಾನಾಗ ಹತ್ತನೇ ಕ್ಲಾಸು. ಮಾವನ ಹತ್ತಿರ ಒಳ್ಳೇ ಜೋಡಿ ಇತ್ತು. ಎಡಕ್ಕೆ ಕರಿಯ, ಬಲಕ್ಕೆ ರಾಮ. ಆವತ್ತಿನ ಓಟಕ್ಕೆ ಬಂದಿದ್ದು 24 ಜೋಡಿ. ಒಮ್ಮೆಗೆ ಎರಡು ಗಾಡಿ ಬಿಡೋದು, ಗೆದ್ದವರು ಮುಂದಿನ ಸುತ್ತಿಗೆ. 24 ಇದ್ದದ್ದು 12 ಆಯ್ತು, 12 ಇದ್ದದ್ದು 6, ಆಮೇಲೆ 3. ಮೂರು ಜೋಡಿ ಉಳಿದರೆ ಒಂದಕ್ಕೆ ಎದುರಾಳಿ ಇರಲ್ಲ. ಚೀಟಿ ಎತ್ತಿದರು. ಒಂದು ಜೋಡಿ ಓಡದೇ ಫೈನಲ್‌ಗೆ ಹೋಯ್ತು. ನಮ್ಮದು ಓಡಿ ಗೆದ್ದು ಹೋಯ್ತು.

ಫೈನಲ್‌ಗೆ ಮುಂಚೆ ಮಾವ ನನ್ನ ಹತ್ತಿರ ಬಂದು, "ಆ ಜೋಡಿ ಹಿಂದೆ ನಮ್ಮ ಮೇಲೆ ಓಡಿತ್ತಲ್ವೇನೋ?" ಅಂದರು. ನಾನು ನೋಟ್‌ಬುಕ್ ತೆಗೆದು ತೋರಿಸಿದೆ. ಎರಡು ಸಲ ಓಡಿತ್ತು, ಎರಡು ಸಲವೂ ಸೋತಿತ್ತು. ಮಾವ ಈರುಳ್ಳಿ ಮಾರಿದ ದುಡ್ಡು, 40,000 ರೂಪಾಯಿ, ಬದಿಯಲ್ಲಿ ನಿಂತವರೊಬ್ಬರ ಜೊತೆ ಕಟ್ಟಿದರು. ಅರ್ಧ ಗಾಡಿ ಅಂತರದಲ್ಲಿ ಸೋತೆವು. ತಿಂಗಳೊಳಗೆ ರಾಮನನ್ನ ಮಾರಬೇಕಾಯ್ತು. ಕರಿಯ ಬೇರೆ ಯಾವ ಎತ್ತಿನ ಜೊತೆಗೂ ಸರಿಯಾಗಿ ನೊಗಕ್ಕೆ ಹೊಂದಲೇ ಇಲ್ಲ.

ನೋಟ್‌ಬುಕ್‌ನಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಯಾರು ಗೆದ್ದರು ಅಂತ ಮಾತ್ರ ಬರೆದಿದ್ದೆ. ಯಾವ ಜೋಡಿ ಎಷ್ಟು ಸುತ್ತು ಓಡಿ ಬಂದು ಗೆದ್ದಿತು ಅಂತ ಬರೆದಿರಲಿಲ್ಲ. ಆವತ್ತು ನಮ್ಮೆತ್ತುಗಳಿಗೆ ಅದು ಐದನೇ ಓಟ. ಅವರದಕ್ಕೆ ನಾಲ್ಕನೆಯದು, ಅದೂ ನೆರಳಲ್ಲಿ ನಿಂತು ಸುಧಾರಿಸಿಕೊಂಡ ಮೇಲೆ. ನಮ್ಮ ನೆನಪು ಹೀಗೇ ಕೆಲಸ ಮಾಡುತ್ತೆ. ಗೆಲುವು ತಲೆಯಲ್ಲಿ ಉಳಿಯುತ್ತೆ, ಗೆದ್ದ ಸಂದರ್ಭ ಮರೆತುಹೋಗುತ್ತೆ.

ತಿಳಿದವರು ಏನು ನೋಡ್ತಾರೆ?

ಓಟದ ಬದಿಯಲ್ಲಿ ಕೂತ ಹಿರಿಯರು ಕೊಂಬಿಗೆ ಕಟ್ಟಿದ ಟೇಪು, ಮೈಮೇಲಿನ ಬಣ್ಣ ನೋಡಲ್ಲ. ಮೊದಲು ಹಲ್ಲು ಕೇಳ್ತಾರೆ. ಎರಡಲ್ಲಾ, ನಾಲ್ಕಲ್ಲಾ, ಆರಲ್ಲಾ? ಹಲ್ಲು ಅಂದರೆ ವಯಸ್ಸು. ಎರಡಲ್ಲಿನ ಹೋರಿಗೆ ಬಿರುಸು ಇರುತ್ತೆ, ಆದರೆ ದಿನವಿಡೀ ಓಡೋ ತಾಳಿಕೆ ಇನ್ನೂ ಬಂದಿರಲ್ಲ. ಆಮೇಲೆ ಗೊರಸು, ಲಾಳ. ನೆಲ ಗಟ್ಟಿಯೋ, ಮಳೆ ಬಿದ್ದು ಮೆತ್ತಗಾಗಿದೆಯೋ? ಕೊನೆಗೆ ಹೊಂದಾಣಿಕೆ. ಎರಡೂ ಒಂದೇ ಹೆಜ್ಜೆಗೆ ಬರ್ತಾವಾ, ಇಲ್ಲ ಒಂದು ಎಳೆಯೋದು ಇನ್ನೊಂದು ಜಗ್ಗೋದು ಮಾಡ್ತಾವಾ? ಒಂಟಿಯಾಗಿ ಜೋರಾಗಿ ಓಡೋ ಎರಡು ಎತ್ತುಗಳನ್ನ ತಂದು ಕಟ್ಟಿದರೆ ಜೋರಾದ ಜೋಡಿ ಆಗಲ್ಲ.

ನಮ್ಮ ಸೀಮೆಗೆ ಈ ತಿಳಿವಳಿಕೆ ಹೊಸದಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾಯ್ತು. ಫಿರಂಗಿ, ಸೈನ್ಯದ ಸಾಮಾನು ಎಳೆದ ತಳಿ ಅದು. ಅವು ಮೇಯೋಕೆ ಬಿಟ್ಟ ಹುಲ್ಲುಗಾವಲುಗಳೇ ಕಾವಲ್‌ಗಳು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಇವತ್ತು ಕೃಷ್ಣಮೃಗಗಳನ್ನೂ ನೋಡಬಹುದು. ಅಜ್ಜಂಪುರದಲ್ಲಿ ಸರ್ಕಾರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ. ಅಲ್ಲಿ ಹೋರಿಕರುಗಳ ಹರಾಜು ನಡೆದಾಗ ಬೇರೆ ಜಿಲ್ಲೆಗಳಿಂದಲೂ ರೈತರು ಬರ್ತಾರೆ. ನೀವು ಓಟದಲ್ಲಿ ನೋಡೋ ಎತ್ತುಗಳಲ್ಲಿ ಹಳ್ಳಿಕಾರ್ ತಳಿಯವೂ ಬಹಳ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿ ಸಾಕೋಕೆ ಉಳಿದ ಕೆಲವೇ ಕಾರಣಗಳಲ್ಲಿ ಈ ಓಟವೂ ಒಂದು.

ಕುದುರೆ ರೇಸಿಗೂ ಇದಕ್ಕೂ ಏನು ವ್ಯತ್ಯಾಸ?

"ಬೆಂಗಳೂರು ರೇಸ್ ಕೋರ್ಸ್‌ನಲ್ಲಿ ಬೆಟ್ ಕಟ್ಟಬಹುದು, ನಮ್ಮೂರಲ್ಲಿ ಯಾಕೆ ತಪ್ಪು?" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ.

ಅಲ್ಲಿ ಹ್ಯಾಂಡಿಕ್ಯಾಪ್ ಅಂತ ಒಂದು ಪದ್ಧತಿ ಇದೆ. ಚೆನ್ನಾಗಿ ಓಡೋ ಕುದುರೆಯ ಬೆನ್ನ ಮೇಲೆ ಹೆಚ್ಚು ತೂಕ, ಹಿಂದುಳಿದದ್ದಕ್ಕೆ ಕಡಿಮೆ ತೂಕ. ಎಲ್ಲಕ್ಕೂ ಹೆಚ್ಚುಕಡಿಮೆ ಸಮನಾದ ಅವಕಾಶ ಸಿಗಲಿ ಅಂತ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಬೇಲಿ ಹಾರಿ ಓಡುವ ಕೌಂಟಿ ಹರ್ಡಲ್ ರೇಸೂ ಇದೇ ಲೆಕ್ಕದ್ದು. ಯಾವ ಕುದುರೆ ಎಲ್ಲಿ, ಎಷ್ಟು ತೂಕ ಹೊತ್ತು, ಎಷ್ಟನೆಯದಾಗಿ ಬಂತು ಅನ್ನೋ ದಾಖಲೆ ಎಲ್ಲರಿಗೂ ಸಿಗುತ್ತೆ. ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ 1952ರಿಂದ ಇದೆ. ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಂತ ಅಲ್ಲಿ ದುಡ್ಡು ಕಳ್ಕೊಂಡವರು ಕಡಿಮೆ ಏನಲ್ಲ.

ನಮ್ಮ ಗಾಡಿ ಓಟಕ್ಕೆ ಅಂಥ ಲೈಸೆನ್ಸ್ ಇಲ್ಲ, ತೂಕದ ಲೆಕ್ಕವೂ ಇಲ್ಲ. ಬದಿಯಲ್ಲಿ ನಿಂತು ದುಡ್ಡು ಕಟ್ಟಿದರೆ ಅದು ಜೂಜು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಬೀಳಬಹುದು. ಫೋನಿನಲ್ಲಿ ಕಟ್ಟಿದರೆ ಪಾರಾಗ್ತೀವಿ ಅಂದ್ಕೋಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ.

ಕಾನೂನು ಪಕ್ಕಕ್ಕಿಡಿ, ಬರೀ ಲೆಕ್ಕ ನೋಡಿ. ನೀವು ನೂರು, ಎದುರಿನವನು ನೂರು. ಗೆದ್ದವನಿಗೆ 180 ಕೊಟ್ಟು ಮಧ್ಯವರ್ತಿ 20 ಇಟ್ಕೊಂಡ ಅನ್ನಿ. ಹತ್ತು ಸಲ ಕಟ್ಟಿ ಐದು ಗೆದ್ದರೆ 400 ಲಾಭ. ಐದು ಸೋತರೆ 500 ನಷ್ಟ. ಅರ್ಧಕ್ಕರ್ಧ ಗೆದ್ದರೂ ಜೇಬಿನಿಂದ ನೂರು ಹೋಯ್ತು. ಮಧ್ಯವರ್ತಿಗೆ ಯಾವ ಎತ್ತು ಗೆದ್ದರೂ ಒಂದೇ.

ದುಡ್ಡಿಗಿಂತ ದೊಡ್ಡದು ಹೋಗಬಹುದು

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪು ಕೊಟ್ಟಿತ್ತು. ಆಮೇಲೆ ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನ ಎತ್ತಿಹಿಡಿಯಿತು. ಪ್ರಾಣಿಗಳ ನೋವು ಕಡಿಮೆ ಮಾಡುವ ನಿಯಮಗಳನ್ನ ಕಟ್ಟುನಿಟ್ಟಾಗಿ ಪಾಲಿಸಬೇಕು ಅಂತಲೂ ಹೇಳಿತು.

ಈಗ ಯೋಚನೆ ಮಾಡಿ. ದುಡ್ಡು ಕಟ್ಟದವನು ಓಟ ನೋಡಿ ಸಿಳ್ಳೆ ಹೊಡೆದು ಮನೆಗೆ ಹೋಗ್ತಾನೆ. ದುಡ್ಡು ಕಟ್ಟಿದವನು ಬೇಲಿ ಹತ್ತಿ "ಹೊಡಿ, ಇನ್ನೂ ಹೊಡಿ" ಅಂತ ಕೂಗ್ತಾನೆ. ಬಾರುಕೋಲಿಗೆ ಮೊಳೆ ಬರೋದು, ಬಾಲ ತಿರುಚೋದು ಆ ಕೂಗಿನಿಂದಲೇ. ಒಂದು ಎತ್ತಿನ ಬೆನ್ನಲ್ಲಿ ರಕ್ತ ಕಂಡ ವಿಡಿಯೊ ಸಾಕು, ಇಡೀ ಸೀಮೆಯ ಓಟ ಮತ್ತೆ ಕೋರ್ಟಿನ ಬಾಗಿಲಿಗೆ ಹೋಗೋಕೆ.

ಹಾಗಾದ್ರೆ ಭಾನುವಾರ ಯಾವ ಜೋಡಿ? ಬೆಳಿಗ್ಗೆನೇ ಹೋಗಿ. ಗೆರೆ ಮುಟ್ಟೋ ಕಡೆ ಅಲ್ಲ, ಬಿಡೋ ಕಡೆ ನಿಲ್ಲಿ. ಯಾವುದು ಎಷ್ಟು ಸುತ್ತು ಓಡಿದೆ ಎಣಿಸಿ. ಮೂರನೇ ಸುತ್ತು ಮುಗಿಸಿದ ಮೇಲೂ ಉಸಿರು ಹದವಾಗಿ, ಹೆಜ್ಜೆ ಒಂದೇ ಸಮ ಇರೋ ಜೋಡಿ ಯಾವುದೋ ಅದೇ ನನ್ನ ಜೋಡಿ. ಪಕ್ಕದವನಿಗೆ ಹೇಳಿ, ಗೆದ್ದರೆ ಒಂದು ಟೀ ಕುಡಿಸಲಿ. ಅದಕ್ಕಿಂತ ಜಾಸ್ತಿ ಬೇಡ.

ನೋಟ್‌ಬುಕ್ ಈಗಲೂ ಬರೀತೀನಿ, 'ಎಷ್ಟನೇ ಓಟ' ಅಂತ ಇನ್ನೊಂದು ಕಾಲಂ ಸೇರಿಸಿದ್ದೀನಿ. ಆ ದಿನದ ಬಗ್ಗೆ ಮಾವ ನನ್ನನ್ನ ಒಂದು ಮಾತೂ ಅಂದಿಲ್ಲ. ಅವರು ಈಗ ಓಟಕ್ಕೆ ಬರಲ್ಲ. ಆದರೆ ಪ್ರತಿ ಓಟದ ಸಂಜೆ ಫೋನ್ ಮಾಡ್ತಾರೆ. ಯಾರು ಗೆದ್ದರು ಅಂತ ಕೇಳಲ್ಲ. "ಬಲಕ್ಕೆ ಕಟ್ಟಿದ್ದ ಎತ್ತು ಹೆಂಗಿತ್ತೋ?" ಅಂತಾರೆ.

ನಿಮ್ಮೂರಿನ ಓಟದ ನೆನಪಿದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ವಾರ ಕೇಳೋಣ. ಅಲ್ಲಿವರೆಗೆ, ನಮಸ್ಕಾರ.