ಬಾಯಿಯ ಹುಣ್ಣು, ರಕ್ತದ ಚೀಟಿ

ನಮ್ಮ ಕಲಿಕಾ ಕೇಂದ್ರಕ್ಕೆ ಅಕ್ಕ ಒಬ್ಬರು ರಕ್ತದ ಚೀಟಿ ತಂದರು.

"ಕೆನ್ನೆಯ ಒಳಗೆ ಹುಣ್ಣಾಗಿ ಒಂದು ತಿಂಗಳಾಯಿತು. ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲಾ ಸರಿ ಇದೆಯಂತೆ. ಹಾಗಾದರೆ ಕ್ಯಾನ್ಸರ್ ಇಲ್ಲ ತಾನೆ?" ಎಂದು ಕೇಳಿದರು.

ಹಾಗೆ ಹೇಳಲು ಬರುವುದಿಲ್ಲ ಅಕ್ಕಾ. ಬಾಯಿ ಕ್ಯಾನ್ಸರನ್ನು ಈ ಚೀಟಿ ನೋಡಿ ಹೇಳಲು ಆಗೋದಿಲ್ಲ. ಡಾಕ್ಟರು ಬಾಯಿಯ ಒಳಗೆ ನೋಡಬೇಕು. ಅನುಮಾನ ಬಂದರೆ ಹುಣ್ಣಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಅನ್ನುತ್ತಾರೆ. ಚೂರು ತೆಗೆದರೆ ರೋಗ ಹರಡುತ್ತದೆ ಎಂಬ ಭಯ ಬೇಡ.

ಹಾಗಾದರೆ ರಕ್ತ ಯಾಕೆ ತೆಗೆಯುತ್ತಾರೆ?

ರೋಗ ಗೊತ್ತಾದ ಮೇಲೆ, ಮೈ ಹೇಗಿದೆ ಎಂದು ತಿಳಿಯಲು. ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಮೈಯ ಕಾವಲುಗಾರರು. ಅವುಗಳಲ್ಲಿ ಒಂದು ಬಗೆ ನ್ಯೂಟ್ರೋಫಿಲ್. ಗಾಯ, ಸೋಂಕು ಆದಾಗ ಇವು ಹೆಚ್ಚುತ್ತವೆ. ಇನ್ನೊಂದು ಬಗೆ ಲಿಂಫೋಸೈಟ್. ಕ್ಯಾನ್ಸರಿನ ಜೊತೆ ಹೋರಾಡುವುದರಲ್ಲಿ ಇವುಗಳ ಪಾಲು ದೊಡ್ಡದು.

ನಾವು ಕಲಿತ ಭಾಗಾಕಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲನೆಯದು 60, ಎರಡನೆಯದು 30 ಇದೆ ಅನ್ನಿ. 60ನ್ನು 30ರಿಂದ ಭಾಗಿಸಿದರೆ 2. ಮೊದಲನೆಯದು 80, ಎರಡನೆಯದು 16 ಆದರೆ 5. ಚಿಕಿತ್ಸೆಗೆ ಮೊದಲು ಈ ಅಂಕಿ ಹೆಚ್ಚಿದ್ದವರಿಗೆ ಮುಂದೆ ತೊಂದರೆ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಆದರೆ ಇದು ಸುಳಿವು ಮಾತ್ರ. ತೀರ್ಪು ಅಲ್ಲ. ಜ್ವರ ಬಂದರೂ, ಹಲ್ಲಿನಲ್ಲಿ ಕೀವಾದರೂ ಅಂಕಿ ಏರುತ್ತದೆ. ಅಂಕಿ ಕಡಿಮೆ ಇದ್ದರೆ ರೋಗವಿಲ್ಲ ಅಂತಲೂ ಅಲ್ಲ. ಗಡ್ಡೆ ಎಷ್ಟು ದೊಡ್ಡದು, ಕುತ್ತಿಗೆಗೆ ಹರಡಿದೆಯೆ ಎಂಬುದೇ ಮುಖ್ಯ. ಅದಕ್ಕೇ ಬೇಗ ತೋರಿಸಬೇಕು.

ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಇದನ್ನು ಹೇಳಿದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕೋದು ನಮಗೆ ರೂಢಿ. ರೂಢಿ ಬಿಡುವುದು ಕಷ್ಟ. ಆದರೂ ಬಿಡೋಣ.

ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳೋಣ.

ಎರಡು ವಾರವಾದರೂ ಮಾಯದ ಹುಣ್ಣು ಇದೆಯೆ?
ಬಿಳಿ ಅಥವಾ ಕೆಂಪು ಮಚ್ಚೆ ಇದೆಯೆ?
ಗಂಟು ಕೈಗೆ ಸಿಗುತ್ತದೆಯೆ?
ಬಾಯಿ ಅಗಲಿಸಲು ಕಷ್ಟವೆ?

ಒಂದಿದ್ದರೂ ಆಸ್ಪತ್ರೆಗೆ ಹೋಗೋಣ. ನೋವಿಲ್ಲ ಎಂದು ಸುಮ್ಮನೆ ಕೂರುವುದು ಬೇಡ. 30 ವರ್ಷ ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳೋಣ.

ಅಕ್ಕಾ, ಚೀಟಿ ಮಡಿಸಿ ಇಡಿ. ನಾಳೆ ಆಸ್ಪತ್ರೆಗೆ ಹೋಗಿ ಬಾಯಿ ತೋರಿಸೋಣ. ನಾವೂ ಜೊತೆಗೆ ಬರುತ್ತೇವೆ.