ಗಂಟೆ ಬಾರಿಸದ ಶಾಲೆಗೂ ನಿಯಮಗಳಿವೆ



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಕುರಕುಂಭದಿಂದ ಒಂದು ಪತ್ರ ಬಂತು. ನೋಟ್‌ಬುಕ್ಕಿನ ಹಾಳೆ ಹರಿದು, ನೀಲಿ ಪೆನ್ನಿನಲ್ಲಿ ಬರೆದ ನಿಜವಾದ ಪತ್ರ! ಎಲ್ಲರೂ ವಾಟ್ಸಾಪಿನಲ್ಲೇ ಹಾಡು ಕೇಳುವ ಈ ಕಾಲದಲ್ಲಿ ಪತ್ರ ಬಂದರೆ ಸ್ಟುಡಿಯೋದಲ್ಲಿ ನಮಗೆ ಹಬ್ಬ. ಆದರೆ ಇದರಲ್ಲಿ ಹಾಡಿನ ಕೋರಿಕೆ ಇರಲಿಲ್ಲ. "ಮೇಡಂ, ಓಪನ್ ಸ್ಕೂಲ್ ಅಂತ ಇದೆಯಂತೆ. ಶಾಲೆಗೆ ಹೋಗೋದೇ ಬೇಡವಂತೆ, ರೂಲ್ಸೇ ಇಲ್ಲವಂತೆ. ದುಡ್ಡು ಕೊಟ್ಟರೆ ಹತ್ತನೇ ಪಾಸ್ ಮಾಡಿಸಿ ಕೊಡ್ತಾರಂತೆ. ಖರೇನಾ?" ಇಷ್ಟೇ ಪ್ರಶ್ನೆ.

ಕುರಕುಂಭ ನಿಮ್ಮಲ್ಲಿ ಹಲವರಿಗೆ ಬಸ್ಸಿನ ಕಿಟಕಿಯಿಂದ ಗೊತ್ತು. ಪುಣೆಯಿಂದ ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು 75-80 ಕಿಲೋಮೀಟರ್ ದೂರ, ದೌಂಡ್ ತಾಲ್ಲೂಕಿನ ಊರು. ಫಿರಂಗಾಯಿ ದೇವಿಯ ಗುಡಿ ಇದೆ, ಅದರ ಜೊತೆಗೆ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಕಲಬುರಗಿಯಿಂದ ರೈಲು ಹತ್ತಿದರೆ ಸೋಲಾಪುರ ದಾಟಿ ನೇರವಾಗಿ ದೌಂಡ್ ಜಂಕ್ಷನ್‌ನಲ್ಲಿ ಇಳಿಯಬಹುದು. ಪತ್ರ ಬರೆದ ಹುಡುಗನೂ ಹಾಗೇ ಇಳಿದವನು. ಅಫಜಲಪುರ ತಾಲ್ಲೂಕಿನವನು, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಈಗ ಇಪ್ಪತ್ತೊಂದು ವರ್ಷ. ಗುತ್ತಿಗೆದಾರನ ಕೈಕೆಳಗೆ ಡ್ರಮ್ ಹೊರುವ ಕೆಲಸ. ಆಪರೇಟರ್ ಆಗಬೇಕು ಅನ್ನುವುದು ಅವನ ಆಸೆ. "ಹತ್ತನೇ ಪಾಸಾ?" ಅಂತ ಗೇಟಿನಲ್ಲೇ ಕೇಳುತ್ತಾರಂತೆ.

ಅಂದು ರೇಡಿಯೋದಲ್ಲಿ ಎರಡು ಹಾಡುಗಳ ನಡುವೆ ಸಿಕ್ಕ ಎರಡು ನಿಮಿಷದಲ್ಲಿ ಏನೋ ಉತ್ತರ ಹೇಳಿದೆ. ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪುಟ.

ಮೊದಲು ನನ್ನ ಸೋದರಮಾವನ ವಿಷಯ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಅವರು ಉಡುಪಿ ಕಡೆಯಿಂದ ಮುಂಬೈಗೆ ಹೋಗಿ ಹೊಟೇಲಿನಲ್ಲಿ ಲೋಟ ತೊಳೆಯುತ್ತಿದ್ದರು. ಓದಿದ್ದು ಕನ್ನಡ ರಾತ್ರಿಶಾಲೆಯಲ್ಲಿ. ಮುಂಬೈಯಲ್ಲಿ ನಮ್ಮವರ ಸಂಘಗಳು ಇಂಥ ಶಾಲೆಗಳನ್ನು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲೇ ತೆರೆದಿದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಹೀಗೆ ಹೆಸರು ಹೇಳುತ್ತಾ ಹೋದರೆ ನಿಮ್ಮ ಮನೆಯ ಹಿರಿಯರೊಬ್ಬರ ಕಣ್ಣು ಅರಳದೆ ಇರದು. ಪುಣೆಯೇನೂ ಕಡಿಮೆಯಲ್ಲ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿ ಕೂಲಿಕಾರರು, ರೈತರಿಗಾಗಿ ರಾತ್ರಿಶಾಲೆ ನಡೆಸಿದ್ದು 1855ರಲ್ಲಿ.

ಮಾವ ಹೇಳುತ್ತಿದ್ದ ನಿಯಮಗಳು ಕೇಳಲು ಚಿಕ್ಕವು. ಸಂಜೆ ಪಾಠ ಶುರುವಾದ ಮೇಲೆ ಹದಿನೈದು ನಿಮಿಷದವರೆಗೆ ತಡವಾದರೆ ಕ್ಷಮೆ, ಆಮೇಲೆ ಬಾಗಿಲಲ್ಲಿ ನಿಲ್ಲಬೇಕು. ಹೊಟೇಲಿನ ಬಟ್ಟೆಯಲ್ಲೇ ಬರಬಹುದು, ಆದರೆ ಕೈಕಾಲು ತೊಳೆದಿರಬೇಕು. ನಿದ್ದೆ ಬಂದರೆ ಎದ್ದು ಹೋಗಿ ಮುಖ ತೊಳೆದು ಬರಬಹುದು, ಬೆಂಚಿನ ಮೇಲೆ ತಲೆ ಇಡುವಂತಿಲ್ಲ. ಒಂದು ನಿಯಮ ಮಾತ್ರ ಹುಡುಗರಿಗಲ್ಲ, ಹೊಟೇಲಿನ ಯಜಮಾನರಿಗೆ. ಶಾಲೆಯ ಹೊತ್ತಿಗೆ ಹುಡುಗನನ್ನು ಬಿಡುತ್ತೇನೆಂದು ಅವರು ಮೇಷ್ಟರಿಗೆ ಮಾತು ಕೊಡಬೇಕಿತ್ತು. "ಆ ಮಾತು ಇಲ್ಲದಿದ್ದರೆ ಉಳಿದ ಯಾವ ರೂಲ್ಸೂ ನಡೀತಿರಲಿಲ್ಲ ಕಣೇ" ಅನ್ನುತ್ತಿದ್ದರು ಮಾವ.

ರಾತ್ರಿಶಾಲೆಗಳು ಈಗಲೂ ಇವೆ, ಪುಣೆಯಲ್ಲೂ ಇವೆ. ಸಂಜೆ ಕೈಗೆ ಬಿಡುವಿರುವವರು ಖಂಡಿತ ಅಲ್ಲಿಗೇ ಹೋಗಿ, ಎದುರಿಗೆ ನಿಂತು ಕಲಿಸುವ ಮೇಷ್ಟರಿಗೆ ಸಾಟಿ ಇಲ್ಲ. ಆದರೆ ಕುರಕುಂಭದ ಹುಡುಗನಿಗೆ ಈ ವಾರ ಮೊದಲ ಶಿಫ್ಟ್, ಮುಂದಿನ ವಾರ ಎರಡನೆಯದು, ಅದರಾಚೆ ರಾತ್ರಿಪಾಳಿ. ಸಂಜೆ ಎಂಬುದು ಅವನ ಕೈಯಲ್ಲಿಲ್ಲ. ಅಂಥವರಿಗೆ ಹೊಂದುವುದು ಮುಕ್ತ ಶಾಲೆ, ಅಂದರೆ ಓಪನ್ ಸ್ಕೂಲ್.

ಇದು ಯಾರೋ ಗಲ್ಲಿಯಲ್ಲಿ ತೆರೆದ ಅಂಗಡಿಯಲ್ಲ. 1979ರಲ್ಲಿ ಸಿಬಿಎಸ್‌ಇಯ ಪ್ರಯೋಗವಾಗಿ ಆರಂಭವಾಗಿ, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ, 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎಂಬ ಹೆಸರು ಪಡೆದ ಕೇಂದ್ರ ಸರ್ಕಾರದ ಸಂಸ್ಥೆ. ಎಲ್ಲರೂ ಕರೆಯುವುದು ಎನ್‌ಐಓಎಸ್ ಎಂದು. ಪ್ರಾದೇಶಿಕ ಕಚೇರಿ ಪುಣೆಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಇದರ ಹತ್ತನೇ ತರಗತಿಯ ಪ್ರಮಾಣಪತ್ರ ಉಳಿದ ಬೋರ್ಡುಗಳದ್ದಕ್ಕೆ ಸಮ.

ಸರಿ, ನಿಯಮಗಳಿಗೆ ಬರೋಣ. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಎಂಟನೇ ಪಾಸಾದ ಕಾಗದ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ 'ಈ ಪಾಠಗಳನ್ನು ಓದಿ ಬರೆಯುವಷ್ಟು ನನಗೆ ಬರುತ್ತದೆ' ಎಂದು ನೀವೇ ಸಹಿ ಮಾಡಿ ಕೊಡಬಹುದು. ಸರ್ಕಾರಿ ವ್ಯವಸ್ಥೆಯೊಂದು ನಿಮ್ಮ ಮಾತನ್ನೇ ನಂಬಿ ಬಾಗಿಲು ತೆರೆಯುವುದು ಅಪರೂಪ ಅಲ್ಲವೇ? ಪಾಸಾಗಲು ಐದು ವಿಷಯ ಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು, ಅದರ ಸಂಖ್ಯೆ 208. ಉಳಿದ ವಿಷಯ ಯಾವ ಮಾಧ್ಯಮದಲ್ಲಿ ಎಂಬುದನ್ನು ಅರ್ಜಿ ತುಂಬುವ ಮೊದಲೇ ಅಧ್ಯಯನ ಕೇಂದ್ರದಲ್ಲಿ ಕೇಳಿ ಗಟ್ಟಿ ಮಾಡಿಕೊಳ್ಳಿ. ಪ್ರತಿ ವಿಷಯದಲ್ಲಿ 33 ಅಂಕ ಬಂದರೆ ಪಾಸು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್-ನವೆಂಬರ್ ಇನ್ನೊಮ್ಮೆ. ಒಂದು ಸಲ ಹೆಸರು ನೋಂದಾಯಿಸಿದರೆ ಐದು ವರ್ಷ ನಡೆಯುತ್ತದೆ, ಒಟ್ಟು ಒಂಬತ್ತು ಅವಕಾಶ. ಐದೂ ವಿಷಯ ಒಟ್ಟಿಗೆ ಬರೆಯಬೇಕೆಂದಿಲ್ಲ. ಈ ಸಲ ಎರಡು, ಮುಂದಿನ ಸಲ ಒಂದು, ಹೀಗೆ ಪಾಸಾದದ್ದು ಜಮೆಯಾಗುತ್ತಾ ಹೋಗುತ್ತದೆ. ಬೇರೆ ಬೋರ್ಡಿನಲ್ಲಿ ಹತ್ತನೇ ಫೇಲಾದವರು ಅಲ್ಲಿ ಪಾಸಾದ ಎರಡು ವಿಷಯಗಳ ಅಂಕವನ್ನು ಇಲ್ಲಿಗೆ ತರಲೂಬಹುದು.

ಇಷ್ಟು ಓದಿ "ಅಯ್ಯೋ, ಎಷ್ಟು ಸುಲಭ" ಅಂದಿರಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಸ್ವಲ್ಪ ತಡೆಯಿರಿ.

ಮಾಮೂಲಿ ಶಾಲೆಯಲ್ಲಿ ದಿನಾಂಕ ನೆನಪಿಡುವುದು ಗುಮಾಸ್ತರ ಕೆಲಸ. "ನಾಳೆ ಫೀಸು ಕಟ್ಟುವ ಕೊನೆಯ ದಿನ" ಎಂದು ಪ್ರಾರ್ಥನೆಯ ಹೊತ್ತಿಗೆ ಕೂಗಿ ಹೇಳುತ್ತಾರೆ. ಮುಕ್ತ ಶಾಲೆಯಲ್ಲಿ ಪ್ರಾರ್ಥನೆಯೂ ಇಲ್ಲ, ಗಂಟೆಯೂ ಇಲ್ಲ, ಕೂಗುವವರೂ ಇಲ್ಲ. ಗುಮಾಸ್ತ, ಮಾನಿಟರ್, ಹೆಡ್‌ಮೇಷ್ಟರು ಎಲ್ಲ ನೀವೇ. ಪ್ರವೇಶಕ್ಕೆ ಒಂದು ಕೊನೆಯ ದಿನ, ಪರೀಕ್ಷಾ ಶುಲ್ಕಕ್ಕೆ ಬೇರೊಂದು. ಪ್ರವೇಶದ ಹಣ ಕಟ್ಟಿದೆ, ಪರೀಕ್ಷೆಗೆ ಅದೇ ಸಾಕು ಎಂದುಕೊಂಡು ಒಂದು ಸರದಿ ಕಳೆದುಕೊಳ್ಳುವುದು ಬಹಳ ಸುಲಭ. ಲೆಕ್ಕ ಬಾರದೆ ಫೇಲಾಗುವ ಮೊದಲೇ ತಾರೀಖು ತಪ್ಪಿ ಹೊರಗುಳಿಯಬಹುದು.

ಇನ್ನು ಮನೆಪಾಠದ ಉತ್ತರಗಳು. ಟಿಎಂಎ ಎಂದು ಕರೆಯುತ್ತಾರೆ. ಪ್ರತಿ ವಿಷಯಕ್ಕೂ ಪ್ರಶ್ನೆಗಳು ಬರುತ್ತವೆ, ನಿಮ್ಮ ಕೈಬರಹದಲ್ಲೇ ಉತ್ತರ ಬರೆದು, ಕೇಂದ್ರ ಹೇಳಿದ ರೀತಿಯಲ್ಲಿ, ಹೇಳಿದ ದಿನದೊಳಗೆ ಒಪ್ಪಿಸಬೇಕು. ಅದಕ್ಕೆ ನೂರಕ್ಕೆ 20 ಪಾಲು ಮಹತ್ವ. ಇತ್ತೀಚಿನ ವರ್ಷಗಳಲ್ಲಿ ಪಠ್ಯವನ್ನೇ ಪಾಲು ಮಾಡಿ, ಸುಮಾರು 40 ಭಾಗವನ್ನು ಈ ಬರಹಕ್ಕೆ, ಉಳಿದ 60ನ್ನು ಪರೀಕ್ಷೆಗೆ ಇಟ್ಟಿದ್ದಾರೆ. 33 ತೆಗೆಯಬೇಕಾದವನಿಗೆ ಆ 20ರಲ್ಲಿ 14-15 ಕೈಗೆ ಬಂದರೆ ಹೊರೆ ಎಷ್ಟು ಇಳಿಯುತ್ತದೆ ಲೆಕ್ಕ ಹಾಕಿ! ಆದರೆ ಮೊದಲು ಅಲಕ್ಷ್ಯವಾಗುವುದೂ ಇದೇ, ಯಾಕೆಂದರೆ ಕೇಳಲು ಯಾರೂ ಎದುರಿಗಿಲ್ಲ.

ಅಧ್ಯಯನ ಕೇಂದ್ರದಲ್ಲಿ ವಿಷಯಕ್ಕೆ 30ರಷ್ಟು ಸಂಪರ್ಕ ತರಗತಿಗಳಿರುತ್ತವೆ. ಬರೀ ಓದಿನ ವಿಷಯಗಳಿಗೆ ಹಾಜರಿ ಕಡ್ಡಾಯವಲ್ಲ. ಪ್ರಯೋಗ ಇರುವ ವಿಷಯಕ್ಕೆ ಪ್ರಯೋಗದ ತರಗತಿ ತಪ್ಪಿಸುವಂತಿಲ್ಲ, ಪಾಸಿನ ಅಂಕವೂ ಬರಹಕ್ಕೆ ಬೇರೆ, ಪ್ರಯೋಗಕ್ಕೆ ಬೇರೆ. ಮಾವನ ಯಜಮಾನರು ಕೊಟ್ಟ ಮಾತು ನೆನಪಿದೆಯಲ್ಲ? ಶಿಫ್ಟ್ ಬದಲಿಸಿಕೊಡುವ ಸೂಪರ್‌ವೈಸರ್ ಹತ್ತಿರ ನೀವೂ ಅಂಥದೊಂದು ಮಾತು ಮುಂಚೆಯೇ ಪಡೆದಿಟ್ಟುಕೊಳ್ಳಿ. ಪರೀಕ್ಷೆ ನಾಳೆ ಎನ್ನುವಾಗ ರಜೆ ಕೇಳಿದರೆ ಯಾರು ಕೊಟ್ಟಾರು?

ವಿಷಯದ ಆಯ್ಕೆಯಲ್ಲಿ ಒಂದು ಗುಂಡಿ ಇದೆ, ಕಣ್ಣು ಬಿಟ್ಟು ದಾಟಿ. ಮುಕ್ತ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಡ್ಡಾಯವಲ್ಲ. "ಗಣಿತ ಬಿಟ್ಟುಬಿಡು, ಸುಲಭದ್ದು ತಗೋ" ಎನ್ನುವ ಸ್ನೇಹಿತರು ಹತ್ತು ಜನ ಸಿಗುತ್ತಾರೆ. ಬರೀ ಹತ್ತನೇ ಕಾಗದ ಸಾಕು ಎನ್ನುವವರಿಗೆ ಅದು ಸರಿಯೇ. ಆದರೆ ರಾಸಾಯನಿಕ ಕಾರ್ಖಾನೆಯ ಆಪರೇಟರ್ ಆಗಲು ಐಟಿಐಯಲ್ಲಿ ಎರಡು ವರ್ಷದ ಕೋರ್ಸ್ ಇದೆ, ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್ ಎಂದು. ಅದಕ್ಕೆ ಹತ್ತನೆಯಲ್ಲಿ ಗಣಿತ, ವಿಜ್ಞಾನ ಎರಡೂ ಬೇಕು.  ಹಾಗಾಗಿ ಕುರಕುಂಭದ ತಮ್ಮಾ, ನೀನು ಗಣಿತ ಬಿಡಬೇಡ. ಒಂಬತ್ತು ಅವಕಾಶ ಇರುವುದು ಅದಕ್ಕೇ.

ಈಗ ಹೆಸರಿನ ಗೊಂದಲ. ಗಡಿ ದಾಟಿ ಬಂದ ನಮ್ಮವರು ಹೆಚ್ಚು ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಕಲಬುರಗಿ, ವಿಜಯಪುರ ಕಡೆಯ ಶಾಲಾ ದಾಖಲೆಯಲ್ಲಿ ಹೆಸರು, ಆಮೇಲೆ 'ತಂದೆ' ಎಂದು ಬರೆದು ಅಪ್ಪನ ಹೆಸರು. ಮಹಾರಾಷ್ಟ್ರದ ಅರ್ಜಿಯಲ್ಲಿ ಮೊದಲು ಅಡ್ಡಹೆಸರು, ನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್ ಕಾರ್ಡಿನಲ್ಲಿ ಮೂರನೆಯದೊಂದು ರೂಪ. ಮಲ್ಲಿಕಾರ್ಜುನ ಒಂದು ಕಡೆ ಮಲ್ಲಪ್ಪ, ಇನ್ನೊಂದು ಕಡೆ ಮಲ್ಲು! ಹುಟ್ಟಿದ ದಿನವಂತೂ ಕೇಳಲೇಬೇಡಿ, ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ, ಹೆಡ್‌ಮೇಷ್ಟರ ಕೃಪೆ. ಹತ್ತನೇ ಪ್ರಮಾಣಪತ್ರದಲ್ಲಿ ಅಚ್ಚಾದ ಹೆಸರು, ಜನ್ಮದಿನಾಂಕವನ್ನೇ ಮುಂದೆ ಪಾಸ್‌ಪೋರ್ಟಿನಿಂದ ಭವಿಷ್ಯನಿಧಿಯವರೆಗೆ ಎಲ್ಲರೂ ಕೇಳುತ್ತಾರೆ, ತಿದ್ದಿಸುವುದು ಬಹಳ ಕಷ್ಟ. ಅರ್ಜಿ ತುಂಬುವ ಮೊದಲೇ ಊರಿನ ಶಾಲೆಯ ವರ್ಗಾವಣೆ ಪತ್ರವನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಬೇಕಿದ್ದರೆ ಒಂದು ದಿನದ ಕೂಲಿ ಬಿಟ್ಟು ಊರಿಗೆ ಹೋಗಿ ಬನ್ನಿ.

ಮುಕ್ತ ಶಾಲೆ ಬೇಡ, ಮಹಾರಾಷ್ಟ್ರದ ಎಸ್ಸೆಸ್ಸಿಯನ್ನೇ ಬರೆಯುತ್ತೇನೆ ಎನ್ನುವವರಿಗೆ ಖಾಸಗಿ ಅಭ್ಯರ್ಥಿಯ ದಾರಿಯಿದೆ, ಜನ ಅದನ್ನು 17 ನಂಬರ್ ಫಾರ್ಮ್ ಎನ್ನುತ್ತಾರೆ. ಅಲ್ಲಿ ಶಾಲೆ ಬಿಟ್ಟ ಮೂಲಪತ್ರ ಕೇಳುತ್ತಾರೆ, ರಾಜ್ಯ ಬೇರೆಯಾದ್ದರಿಂದ ಊರಿನ ಬಿಇಓ ಕಚೇರಿಯ ಮೇಲುರುಜು ಮಾಡಿಸಿಟ್ಟುಕೊಳ್ಳುವುದು ಜಾಣತನ. ಗಣಿತ, ವಿಜ್ಞಾನ ಬಿಡುವ ಆಯ್ಕೆ ಅಲ್ಲಿಲ್ಲ. ಆದರೆ ಒಂದು ಅನುಕೂಲ ಉಂಟು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಸೋಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಯ ಮಕ್ಕಳು ಓದುವುದು ಅವನ್ನೇ.

ಹಾಗೆಯೇ, ಸೈಟಿನ ತಗಡಿನ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗು ಇದ್ದರೆ ಓಪನ್ ಸ್ಕೂಲಿನ ಮಾತೇ ಬೇಡ. 6ರಿಂದ 14 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ, ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರುವ ಹಕ್ಕು 2010ರಿಂದ ಕಾನೂನಿನಲ್ಲೇ ಇದೆ. ವರ್ಗಾವಣೆ ಪತ್ರ ಬಂದಿಲ್ಲ ಎಂದು ಪ್ರವೇಶ ತಡೆಯುವಂತಿಲ್ಲ. ಹದಿನೆಂಟು ತುಂಬದವರನ್ನು ಅಪಾಯಕಾರಿ ಕಾರ್ಖಾನೆಯ ಕೆಲಸಕ್ಕೆ ಹಚ್ಚುವುದೂ ಅಪರಾಧ.

ಇನ್ನು ಪತ್ರದ ಕೊನೆಯ ಮಾತು, ದುಡ್ಡು ಕೊಟ್ಟರೆ ಪಾಸು. ನಮ್ಮ ನೆಂಟರ ಹುಡುಗನೊಬ್ಬ ಹೀಗೇ ಒಬ್ಬ ಏಜೆಂಟನಿಗೆ ಹಣ ಕೊಟ್ಟಿದ್ದ. ಪರೀಕ್ಷೆ ಬರೆಯದೆ ಮೂರು ತಿಂಗಳಲ್ಲಿ ಅಂಕಪಟ್ಟಿ ಬಂತು, ಮುದ್ರೆ, ಹೊಳೆಯುವ ಸ್ಟಿಕರ್ ಎಲ್ಲ ಇತ್ತು. ಬೋರ್ಡಿನ ಹೆಸರು ಮಾತ್ರ ಯಾರೂ ಕೇಳಿದ್ದಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ ಕಾಗದ ಪರಿಶೀಲನೆಗೆ ಹೋಯಿತು, ಕೆಲಸವೂ ಹೋಯಿತು. ಅವನ ಅಪ್ಪ ಆ ಅಂಕಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದರು. ಇಂದಿಗೂ ಅದನ್ನು ಇಳಿಸಿಲ್ಲ, ಆ ಮನೆಗೆ ಹೋದಾಗ ಎಲ್ಲಿ ನೋಡಬೇಕೋ ನನಗೆ ತಿಳಿಯುವುದಿಲ್ಲ. ಎನ್‌ಐಓಎಸ್ ಶುಲ್ಕವೆಷ್ಟು, ನಿಮ್ಮ ಹತ್ತಿರದ ಮಾನ್ಯತೆ ಪಡೆದ ಕೇಂದ್ರ ಯಾವುದು ಎಂಬುದು ಅದರ ಜಾಲತಾಣದಲ್ಲೇ ಇದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಅಲ್ಲಿ ಕಾಣದ ಹಣವನ್ನು ಯಾರು ಕೇಳಿದರೂ ರಸೀದಿ ಕೇಳಿ, ಮುಖದ ಬಣ್ಣ ನೋಡಿ.

ಪತ್ರದ ಅಂಚಿನಲ್ಲಿ ಅವನು ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ ಬರೆದಿದ್ದ: "ಯೂನಿಫಾರ್ಮ್ ಇರುತ್ತಾ ಮೇಡಂ? ನನಗೆ ಮೀಸೆ ಬಂದಿದೆ, ಹುಡುಗರು ನಗಬಹುದು." ಯೂನಿಫಾರ್ಮ್ ಇಲ್ಲಪ್ಪಾ. ಪಕ್ಕದ ಬೆಂಚಿನಲ್ಲಿ ಮೊಮ್ಮಕ್ಕಳಿರುವ ಅಜ್ಜಿಯೂ ಕೂತಿರಬಹುದು. ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಪೆನ್ನು ಇಟ್ಟುಕೊಂಡು ಅರ್ಧ ಗಂಟೆ ಮೊದಲು ಹೋಗು. ಮೊಬೈಲನ್ನು ರೂಮಿನಲ್ಲೇ ಬಿಟ್ಟು ಹೋಗು.